ರಾತ್ರಿ ಬಾಗಿಲು ತಟ್ಟುವವರು ಯಾರು?

ಕಾಸರಗೋಡಿನ ದೇಲಂಪಾಡಿ, ಅಡೂರಿನ ಗುಡ್ಡ ದಾಟಿದರೆ ಸುಳ್ಯ. 1837ರ ಏಪ್ರಿಲಿನಲ್ಲಿ ಅಲ್ಲಿಂದ ಹೊರಟ ರೈತರ ದಂಡು ಮಂಗಳೂರನ್ನೇ ಹಿಡಿದು ಸುಮಾರು ಎರಡು ವಾರ ಇಟ್ಟುಕೊಂಡಿತ್ತು. ಅಂದು ಕಾಸರಗೋಡೂ ಅದೇ ಕೆನರಾ ಜಿಲ್ಲೆಯಲ್ಲಿತ್ತು. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಕಂಪನಿ ಸರಕಾರ ಸುಳ್ಯದ ಭಾಗವನ್ನು ಕೆನರಾಕ್ಕೆ ಸೇರಿಸಿ, ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿತು. ಕೊಯ್ಲಿನ ಬೆನ್ನಿಗೇ ಎಲ್ಲರೂ ಭತ್ತ ಮಾರಲು ಹೊರಟರೆ ಬೆಲೆ ಬೀಳುತ್ತದೆ, ಉಳಿದ ಬಾಕಿಗೆ ಸಾಲವೇ ಗತಿ. ಸಿಟ್ಟಿಗೆ ಕಾರಣ ಸಾಕಷ್ಟಿತ್ತು. ಆದರೆ ಘಟ್ಟದ ಮೇಲೆ ಅನೇಕ ಕೊಡವರು ಕಂಪನಿಯ ಪರ ಆಯುಧ ಹಿಡಿದರು. ಅವರಿಗೆ ಕಂಪನಿ ಕೊಟ್ಟ ಪದಕದ ಮೇಲೆ ಕನ್ನಡ ಬರಹವೂ ಇದೆ.

ಸಿಟ್ಟೊಂದೇ ಪಕ್ಷವನ್ನು ತೀರ್ಮಾನಿಸುವುದಿಲ್ಲ. ರಾಜಕೀಯ ವಿಜ್ಞಾನಿ ಸ್ಟಾಥಿಸ್ ಕಲಿವಾಸ್ 2006ರಲ್ಲಿ ಇದಕ್ಕೊಂದು ಲೆಕ್ಕಾಚಾರ ಕೊಟ್ಟರು. ಯುದ್ಧಭೂಮಿಯನ್ನು ಅವರು ಐದು ವಲಯಗಳಾಗಿ ನೋಡುತ್ತಾರೆ: ಒಂದು ತುದಿಯಲ್ಲಿ ಪೂರ್ತಿ ಸರಕಾರದ ಹಿಡಿತ, ಇನ್ನೊಂದು ತುದಿಯಲ್ಲಿ ಪೂರ್ತಿ ಬಂಡುಕೋರರದು, ನಡುವೆ ಸಮಸಮ.

ನಲವತ್ತು ಮನೆಗಳ ಒಂದು ಊರನ್ನು ಊಹಿಸಿ. ಹಗಲು ಸೈನಿಕರು ಬಂದು ಹೆಸರು ಕೇಳುತ್ತಾರೆ, ಸಂಜೆಗೆ ಠಾಣೆಗೆ ಮರಳುತ್ತಾರೆ. ಯಾರ ಅಂಗಳದಲ್ಲಿ ಜೀಪು ನಿಂತಿತ್ತು ಎಂಬುದು ಕತ್ತಲಾಗುವ ಮೊದಲೇ ಊರಿಗೆಲ್ಲ ಗೊತ್ತು. ರಾತ್ರಿ ಬಂಡುಕೋರರು ಬಂದು ಬಾಗಿಲು ತಟ್ಟಬಹುದು. ಹೀಗಾಗಿ ಬಾಯಿ ಬಿಡುವವರಿಲ್ಲ. ಅದೇ ಊರಲ್ಲಿ ಸೈನ್ಯ ಬೀಡುಬಿಟ್ಟು ರಾತ್ರಿಯೂ ಗಸ್ತು ತಿರುಗಿದರೆ ಮಾಹಿತಿ ಹರಿಯತೊಡಗುತ್ತದೆ. ಗಮನಿಸಿ, ಯಾರ ಮನಸ್ಸೂ ಬದಲಾಗಿಲ್ಲ. ಹೇಳಿದವನು ಬದುಕುಳಿಯುತ್ತಾನೆ ಎಂಬ ಭರವಸೆ ಬಂದಿದೆ, ಅಷ್ಟೆ.

ಎಡವಟ್ಟು ಶುರುವಾಗುವುದೂ ಇಲ್ಲೇ. ಗಡಿಕಲ್ಲು ಸರಿಸಿದ ಜಗಳ, ತೋಡಿನ ನೀರಿನ ತಕರಾರು, ಪಾಲುಪಟ್ಟಿಯ ಹಗೆ ಎಲ್ಲವೂ ‘ಅವನು ಬಂಡುಕೋರ’ ಎಂಬ ಚಾಡಿಯಾಗಿ ಸೈನ್ಯದ ಕಿವಿಗೆ ಬೀಳುತ್ತವೆ. ಊರ ಭಾಷೆ ಬಾರದ ಪರದೇಶಿ ಅಧಿಕಾರಿ ಜೊಳ್ಳು ತೂರಲಾರ. ತಪ್ಪು ಮನುಷ್ಯನನ್ನು ಹಿಡಿದೊಯ್ದರೆ ಮರುದಿನ ಅವನ ತಮ್ಮ ಕಾಡು ಸೇರುತ್ತಾನೆ. ಹಿಂಸೆ ಹೆಚ್ಚುವುದು ಸಮಸಮ ವಲಯದಲ್ಲಲ್ಲ, ಒಂದು ಕಡೆಯವರ ಕೈ ಮೇಲಾಗಿದ್ದೂ ಹಿಡಿತ ಪೂರ್ತಿಯಾಗದ ವಲಯಗಳಲ್ಲಿ ಎಂಬುದು ಕಲಿವಾಸ್ ಅವರ ಮುಖ್ಯ ವಾದ.

ಇಂದಿನ ಮಲೇಷ್ಯಾದ ಭಾಗವಾದ ಮಲಯಾದಲ್ಲಿ, ಕಾಡಿನ ಬಂಡುಕೋರರಿಗೆ ಊರವರ ನೆರವು ಸಿಗದಂತೆ, ಬ್ರಿಟಿಷರು 1950ರಿಂದ ಸುಮಾರು 5 ಲಕ್ಷ ಜನರನ್ನು, ಹೆಚ್ಚಾಗಿ ಚೀನೀ ಮೂಲದವರನ್ನು, ಕಾಡಂಚಿನಿಂದ ಎಬ್ಬಿಸಿ ಮುಳ್ಳುತಂತಿಯ ಹೊಸ ಹಳ್ಳಿಗಳಲ್ಲಿ ಕೂರಿಸಿದರು. ಕೆಲವೆಡೆ ಅಕ್ಕಿಯನ್ನೇ ಕೊಡದೆ, ಒಂದೆಡೆ ಬೇಯಿಸಿದ ಅನ್ನ ಹಂಚಿದರು. ಅಕ್ಕಿಯಾದರೆ ಮುಚ್ಚಿಟ್ಟು ಕಾಡಿಗೆ ಸಾಗಿಸಬಹುದು. ಆ ಸೆಕೆಗೆ ಅನ್ನ ಮರುದಿನವೇ ಹಳಸುತ್ತದೆ. ದಕ್ಷಿಣ ವಿಯೆಟ್ನಾಮಿನಲ್ಲಿ 1962ರಲ್ಲಿ ಇಂಥದೇ ಬೇಲಿ ಹಾಕಿದರೂ ಯೋಜನೆ ಕುಸಿಯಿತು. ಗದ್ದೆಯಿಂದ, ಹಿರಿಯರ ಸಮಾಧಿಗಳಿಂದ ದೂರವಾದ ರೈತರು ಕನಲಿದ್ದರು, ಕಾವಲು ದುರ್ಬಲವಾಗಿತ್ತು.

‘ನೀವು ಯಾರ ಪರ?’ ಎಂದು ನೇರ ಕೇಳಿದರೆ ಯುದ್ಧಭೂಮಿಯಲ್ಲಿ ನಿಜ ಸಿಗದು. ಅಫ್ಘಾನಿಸ್ತಾನದ 204 ಹಳ್ಳಿಗಳಲ್ಲಿ ಸಂಶೋಧಕರು ಬೇರೆ ದಾರಿ ಹಿಡಿದರು. ಒಂದೇ ಸುಧಾರಣೆಯನ್ನು ಕೆಲವರಿಗೆ ಹಾಗೇ ವಿವರಿಸಿ, ಕೆಲವರಿಗೆ ತಾಲಿಬಾನ್ ಒಪ್ಪಿದ್ದೆಂದೂ ಇನ್ನು ಕೆಲವರಿಗೆ ವಿದೇಶಿ ಪಡೆ ಒಪ್ಪಿದ್ದೆಂದೂ ಹೇಳಿ, ಉತ್ತರಗಳ ಅಂತರ ಅಳೆದರು. ವಿದೇಶಿ ಪಡೆಯಿಂದ ಪೆಟ್ಟು ತಿಂದವರಲ್ಲಿ ಅದರ ಬೆಂಬಲ ಕುಸಿದು ತಾಲಿಬಾನ್ ಬೆಂಬಲ ಏರಿತ್ತು. ತಾಲಿಬಾನಿನಿಂದ ಪೆಟ್ಟು ತಿಂದವರು ಮಾತ್ರ ವಿದೇಶಿ ಪಡೆಯತ್ತ ವಾಲಿರಲಿಲ್ಲ.

2021ರ ಆಗಸ್ಟಿನಲ್ಲಿ ಕಾಬೂಲಿನಿಂದ ಅಮೆರಿಕದ ಕೊನೆಯ ಸೇನಾ ವಿಮಾನ ಹಾರಿತು. ಆ ಪಡೆಗಳಿಗೆ ದುಡಿದ ಸಾವಿರಾರು ದುಭಾಷಿಗಳು ಕುಟುಂಬ ಸಮೇತ ಹಿಂದೆಯೇ ಉಳಿದರು.