ಯಾವ ಅರೇಬಿಕ್? ಅದನ್ನು ಮೊದಲು ಹೇಳಿ

ಮಂಗಳೂರಿನ ಹಂಪನಕಟ್ಟೆಯ ನನ್ನ ಭಾಷಾಂತರ ಕಚೇರಿಗೆ ಬರುವ ಕಾಗದಗಳು ಹೆಚ್ಚಾಗಿ ಗಲ್ಫಿನವು. ಮದುವೆ ಸರ್ಟಿಫಿಕೇಟು, ಕೆಲಸದ ಕರಾರು, ಕೋರ್ಟಿನ ಆದೇಶ. ಈಚೆಗೆ ಕಾಗದದ ಜೊತೆ ಮಕ್ಕಳೂ ಬರುತ್ತಾರೆ. ಮೇ ತಿಂಗಳಲ್ಲಿ ಕಾಪುವಿನ ಹುಡುಗಿಯೊಬ್ಬಳು ಅಪ್ಪನ ಜೊತೆ ಬಂದಿದ್ದಳು. ಡಿಗ್ರಿ ಮುಗಿದಿದೆ, ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಎಂ.ಎ. ಮಾಡಬೇಕು, ಜೊತೆಗೆ ಅರೇಬಿಕ್ ಕಲಿಯಬೇಕು.

“ಎರಡು ವರ್ಷದಲ್ಲಿ ಬರ್ತದಲ್ವಾ ಸರ್?” ಎಂದಳು.

“ಎರಡು ವರ್ಷ ಎಂತಕ್ಕೆ? ನನಗೆ ಆರೇ ತಿಂಗಳಲ್ಲಿ ಬಂತು” ಎಂದರು ಅಪ್ಪ. ಹದಿನೆಂಟು ವರ್ಷ ಸೌದಿಯ ದಮ್ಮಾಮಿನಲ್ಲಿ ಇದ್ದವರು.

ಇಬ್ಬರೂ ಬೇರೆ ಬೇರೆ ಭಾಷೆಯ ಬಗ್ಗೆ ಮಾತಾಡುತ್ತಿದ್ದರು.

ಅಪ್ಪನದು ಅಂಗಡಿಯ, ಸೈಟಿನ ಅರೇಬಿಕ್. ‘ಹೇಗಿದ್ದೀ’ ಎನ್ನಲು ಗಲ್ಫಿನಲ್ಲಿ ‘ಶ್ಲೋನಕ್’ ಎನ್ನುತ್ತಾರೆ. ಪದಕ್ಕೆ ಪದ ಹಿಡಿದರೆ ‘ನಿನ್ನ ಬಣ್ಣ ಏನು’ ಅಂತ. ಕೈರೋದಲ್ಲಿ ಅದು ‘ಇಝ್ಝಯ್ಯಕ್’, ಬೈರೂತಿನಲ್ಲಿ ‘ಕೀಫಕ್’. ಪುಸ್ತಕದಲ್ಲಿ ‘ಕೈಫ ಹಾಲುಕ’. ಪತ್ರಿಕೆ, ಟಿ.ವಿ. ವಾರ್ತೆ, ಒಪ್ಪಂದ, ವಿಶ್ವಸಂಸ್ಥೆಯ ಕಾಗದ ಎಲ್ಲ ಈ ಪುಸ್ತಕದ ಭಾಷೆಯಲ್ಲೇ. ಅದರ ಹೆಸರು ಫುಸ್ಹಾ. ಅದು ಯಾರ ಮನೆಮಾತೂ ಅಲ್ಲ. ಬೇರೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕು, ನಮ್ಮೂರಿನವರಿಗೆ ಬೇಡ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಆಡಿ, ಶಾಲೆಯಲ್ಲಿ ಪುಸ್ತಕದ ಕನ್ನಡ ಕಲಿತವರು ನಾವು. ಮೆಜೆಸ್ಟಿಕ್ಕಿನಲ್ಲಿ ನಮ್ಮ ಕನ್ನಡ ಕೇಳಿ ಆಟೋದವನು ನಗುತ್ತಾನಲ್ಲ, ಫುಸ್ಹಾ ಕೇಳಿದರೆ ಕೈರೋದ ಟ್ಯಾಕ್ಸಿಯವನೂ ಹಾಗೇ ನಗುತ್ತಾನೆ.

ವಿದೇಶ ವ್ಯವಹಾರದ ಕೆಲಸಕ್ಕೆ ಮೊದಲು ಫುಸ್ಹಾ, ಅದರಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ. ಆಮೇಲೆ ಒಂದು ಆಡುಮಾತು. ಒಂದೇ ಒಂದು. ಮೂರನ್ನು ಒಟ್ಟಿಗೆ ಹಿಡಿದವರಿಗೆ ಯಾವುದೂ ದಕ್ಕಿದ್ದನ್ನು ನಾನು ನೋಡಿಲ್ಲ.

ಇನ್ನು ಸಮಯದ ಮಾತು. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಅರೇಬಿಕ್ ಕಲಿಸಲು 88 ವಾರ ಇಡುತ್ತದೆ. ತರಗತಿಯಲ್ಲೇ 2200 ಗಂಟೆ. ಎಂ.ಎ.ಯಲ್ಲಿ ವಾರಕ್ಕೆ 5 ಗಂಟೆ ಸಿಕ್ಕಿತು ಅನ್ನಿ. 16 ವಾರದ ನಾಲ್ಕು ಸೆಮಿಸ್ಟರಿಗೆ 320 ಗಂಟೆ ಆಯಿತು. ಏಳರಲ್ಲಿ ಒಂದು ಪಾಲು! ಅಮೆರಿಕದ್ದು ಇಂಗ್ಲಿಷ್ ಮನೆಮಾತಿನವರ ಲೆಕ್ಕ, ನಿಜ. ಆದರೆ ನಮಗೇನೂ ರಿಯಾಯಿತಿ ಇಲ್ಲ. ಅದಕ್ಕೇ ಸೀಟು ಸಿಗುವವರೆಗೆ ಕಾಯಬೇಡ, ಮೊದಲ ಅಕ್ಷರ ಅಲಿಫ್‌ನಿಂದ ಈಗಲೇ ಶುರು ಮಾಡು ಎಂದೆ.

ಚಿಕ್ಕಂದಿನಲ್ಲಿ ಕುರ್‌ಆನ್ ಓದಲು ಕಲಿತ ಮಕ್ಕಳಿಗೆ ಅಕ್ಷರವೂ ಉಚ್ಚಾರವೂ ಗಟ್ಟಿ ಇರುತ್ತವೆ. ಅದು ದೊಡ್ಡ ಆಸ್ತಿ. ಆದರೆ ಅಲ್ಲಿ ಹ್ರಸ್ವ ಸ್ವರಗಳ ಗುರುತು ಅಚ್ಚಾಗಿರುತ್ತದೆ, ಪತ್ರಿಕೆಯಲ್ಲಿ ಇರುವುದಿಲ್ಲ. ಕನ್ನಡದಲ್ಲಿ ‘ಕಲ’ ಎಂದಷ್ಟೇ ಬರೆದು ಕಲೆಯೋ ಕುಲವೋ ಕೊಲೆಯೋ ನೀವೇ ನೋಡಿಕೊಳ್ಳಿ ಎಂದ ಹಾಗೆ. ಅರೇಬಿಕ್‌ನ ಕ-ತ-ಬ ‘ಬರೆದನು’ ಆಗಬಹುದು, ‘ಬರೆಯಲಾಯಿತು’ ಆಗಬಹುದು, ‘ಪುಸ್ತಕಗಳು’ ಕೂಡ ಆಗಬಹುದು. ವಾಕ್ಯ ಅರ್ಥವಾಗದೆ ಓದಲಿಕ್ಕೇ ಬರುವುದಿಲ್ಲ.

ಗೊತ್ತಿರುವ ಪದಗಳೂ ಕೈಕೊಡುತ್ತವೆ. ವಕೀಲ, ತಾರೀಖು, ಹಾಜರು, ಬಾಕಿ, ಖಾಲಿ ಎಲ್ಲ ಅರೇಬಿಕ್ ಮೂಲದವು, ಫಾರ್ಸಿ ದಾಟಿ ನಮ್ಮ ಕಚೇರಿ, ಅಂಗಡಿಗೆ ಬಂದವು. ಕೆಲಸ ಶುರು ಮಾಡಿದ ಹೊಸತರಲ್ಲಿ ಒಂದು ವ್ಯಾಪಾರದ ಕರಾರಿನಲ್ಲಿ ‘ವಕೀಲ್’ ಎಂದಿತ್ತು. ನಾನು ಸುಮ್ನೆ ‘ವಕೀಲರು’ ಎಂದು ಬರೆದು ಕೊಟ್ಟೆ. ಅಲ್ಲಿ ಅದರ ಅರ್ಥ ಏಜೆಂಟ್. ಲಾಯರಿಗೆ ಅವರಲ್ಲಿ ‘ಮುಹಾಮಿ’ ಎಂಬ ಬೇರೆ ಪದವೇ ಇದೆ. ಪಾಪ, ಬಂದರಿನ ಆ ಗಿರಾಕಿ ಇಲ್ಲದ ಲಾಯರನ್ನು ಎರಡು ದಿನ ಹುಡುಕಿದರು.

ನನ್ನದು ಎರಡು ದಿನದ ಫಜೀತಿ. 1967ರದ್ದು ಇನ್ನೂ ಮುಗಿದಿಲ್ಲ. ಆ ವರ್ಷದ ಅರಬ್-ಇಸ್ರೇಲ್ ಯುದ್ಧದ ನಂತರ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 242ನೇ ನಿರ್ಣಯ, ವಶಪಡಿಸಿಕೊಂಡ ಪ್ರದೇಶಗಳಿಂದ ಇಸ್ರೇಲಿನ ಸೇನೆ ಹಿಂದೆ ಸರಿಯಬೇಕು ಎಂದಿತು. ಇಂಗ್ಲಿಷಿನಲ್ಲಿ ‘ಪ್ರದೇಶಗಳು’ ಎಂಬ ಪದದ ಮುಂಚೆ ‘ಇಂಥದ್ದೇ’ ಎಂದು ಗುರುತಿಸುವ ‘ದಿ’ (the) ಇಲ್ಲ. ಫ್ರೆಂಚ್ ಪಠ್ಯವನ್ನು ‘ದಿ’ ಇರುವ ಹಾಗೆ ಓದಬಹುದು. ಹಾಗಾದರೆ ಎಲ್ಲ ಪ್ರದೇಶಗಳೋ, ಕೆಲವೋ? ಅರೇಬಿಕ್‌ನಲ್ಲಿ ‘ದಿ’ಯ ಕೆಲಸ ಮಾಡುವುದು ‘ಅಲ್’. ಕನ್ನಡದಲ್ಲಿ ಇಂಥದ್ದು ಇಲ್ಲವೇ ಇಲ್ಲ. ಹಾಗಾಗಿ ನಮ್ಮ ಮಕ್ಕಳು ಅನುವಾದ ಮಾಡುವಾಗ ಅದನ್ನು ನುಂಗಿಬಿಡುತ್ತಾರೆ. ನಾನು ಕೆಂಪು ಪೆನ್ನು ಜಾಸ್ತಿ ಓಡಿಸುವುದು ಇದೊಂದಕ್ಕೇ.

ಅಪ್ಪನಿಗೆ ಇದೆಲ್ಲ ಬೇಕಿರಲಿಲ್ಲ. “ಕೆಲಸ ಎಲ್ಲಿ?” ಎಂದರು. ನ್ಯಾಯವಾದ ಪ್ರಶ್ನೆ.

ಐಎಫ್‌ಎಸ್, ಅಂದರೆ ವಿದೇಶಾಂಗ ಸೇವೆಯ ಅಧಿಕಾರಿ ಆಗಲು ಅರೇಬಿಕ್ ಬೇಕಿಲ್ಲ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ಐಚ್ಛಿಕ ವಿಷಯಗಳಲ್ಲಿ ಅದು ಈಗ ಇಲ್ಲ. ಸೇವೆಗೆ ಸೇರಿದ ಮೇಲೆ ಇಲಾಖೆಯೇ ಒಂದು ವಿದೇಶಿ ಭಾಷೆ ಕೊಟ್ಟು ಕಲಿಸುತ್ತದೆ. ಅರೇಬಿಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಉಳಿದದ್ದು ದುಭಾಷಿ ಕೆಲಸ, ಸಂಶೋಧನೆ, ಪತ್ರಿಕೆ, ತೈಲ ಮತ್ತು ಹಡಗು ಕಂಪನಿಗಳು. ಅಲ್ಲಿ ಬರೀ ಭಾಷೆ ಬಂದರೆ ಸಾಲದು. ಕಾಪುವಿನ ಪಕ್ಕದ ಪಾದೂರನ್ನೇ ನೋಡಿ. ಅಲ್ಲಿ ಬಂಡೆಯೊಳಗೆ ದೇಶದ ತುರ್ತಿಗೆಂದು 25 ಲಕ್ಷ ಟನ್ ಕಚ್ಚಾ ತೈಲ ಹಿಡಿಯುವ ಗುಹೆಗಳಿವೆ. ಇತ್ತ ಮಂಗಳೂರಿನ ಪೆರ್ಮುದೆಯಲ್ಲಿ 15 ಲಕ್ಷ ಟನ್ನಿನದು. ಮಂಗಳೂರಿನ ಈ ಗುಹೆಯ ಒಂದು ಭಾಗಕ್ಕೆ 2018ರಲ್ಲಿ ಅಬುಧಾಬಿಯ ಅಡ್ನಾಕ್ ಕಂಪನಿ ತನ್ನದೇ ತೈಲ ತಂದು ತುಂಬಿಸಿತು. ಇಂಥ ವ್ಯವಹಾರ ಅರ್ಥವಾಗಲು ತೈಲದ ದರ, ಕಡಲ ಕಾನೂನು, ಅಲ್ಲಿನ ರಾಜಕೀಯ ಗೊತ್ತಿರಬೇಕು. ಅದು ಗೊತ್ತಿದ್ದು ಅಲ್ಲಿಯ ಪತ್ರಿಕೆಯನ್ನೂ ಓದಬಲ್ಲವರು ಕಮ್ಮಿ.

ಅದಕ್ಕೇ ಬರೀ ಅರೇಬಿಕ್ ಎಂ.ಎ. ಬೇಡ ಎಂದೆ. ಅದರಲ್ಲಿ ಸಾಹಿತ್ಯ, ವ್ಯಾಕರಣವೇ ಜಾಸ್ತಿ. ದಿಲ್ಲಿಯ ಜೆಎನ್‌ಯುನಲ್ಲಿ ಪಶ್ಚಿಮ ಏಷ್ಯಾ ಅಧ್ಯಯನವೂ ಇದೆ, ಅರೇಬಿಕ್ ಕೇಂದ್ರವೂ ಇದೆ. ಎಲ್ಲಿಗೇ ಹೋಗಲಿ, ವಾರಕ್ಕೆ ಎಷ್ಟು ಗಂಟೆ ಭಾಷೆ, ಸ್ವರದ ಗುರುತಿಲ್ಲದ ಪತ್ರಿಕೆ ಎಷ್ಟನೇ ತಿಂಗಳಲ್ಲಿ ಕೈಗೆ ಕೊಡುತ್ತಾರೆ ಎಂದು ಮೊದಲೇ ಕೇಳಬೇಕು. ಹಾಸ್ಟೆಲಿನ ಬಗ್ಗೆ ಎಲ್ಲರೂ ಕೇಳುತ್ತಾರೆ, ಇದನ್ನು ಯಾರೂ ಕೇಳುವುದಿಲ್ಲ ಮಾರಾಯ್ರೆ.

ಮೊನ್ನೆ ಅವಳು ವಾಟ್ಸಾಪಿನಲ್ಲಿ ಒಂದು ಸುದ್ದಿಯ ಫೋಟೋ ಕಳಿಸಿದ್ದಳು. ಒಂದು ಪದಕ್ಕೆ ಸುತ್ತು ಹಾಕಿ, “ಸರ್, ತಕ್ರಾರ್ ಅಂತ ಓದಿದೆ. ಯಾರ ಮೇಲೆ ಯಾರ ತಕರಾರು ಇದು?” ಎಂದು ಕೇಳಿದ್ದಳು. ಓದಿದ್ದು ಸರಿ ಇತ್ತು. ಆದರೆ ಅಲ್ಲಿ ಜಗಳವೇ ಇರಲಿಲ್ಲ. ಅರೇಬಿಕ್‌ನಲ್ಲಿ ತಕ್ರಾರ್ ಎಂದರೆ ಮಾಡಿದ್ದನ್ನೇ ಮತ್ತೆ ಮಾಡುವುದು.