ಸ್ಕ್ರೀನ್ ಅಲ್ಲಾಡಿದರೆ ಹಿಂಜ್ ಲೂಸ್ ಆಗಿದೆ ಅಂತಲೇ?

ಟೈಪ್ ಮಾಡುವಾಗ ಲ್ಯಾಪ್‌ಟಾಪಿನ ಸ್ಕ್ರೀನ್ ನಡುಗಿದರೆ ಸಾಕು, ಹಿಂಜ್ (ಸ್ಕ್ರೀನನ್ನು ಕೆಳಭಾಗಕ್ಕೆ ಜೋಡಿಸುವ ಕೀಲು) ಹೋಯಿತು ಅಂದುಕೊಂಡು ತುಂಬಾ ಜನ ಗಾಬರಿಯಾಗುತ್ತಾರೆ. ಆದರೆ ಅಲ್ಲಾಡುವುದೇ ಬೇರೆ, ಜಾರುವುದೇ ಬೇರೆ. ಅಲ್ಲಾಡಿದ ಸ್ಕ್ರೀನ್ ಮತ್ತೆ ಇದ್ದ ಕೋನಕ್ಕೇ ಬಂದು ನಿಂತರೆ ಹಿಂಜಿನ ಹಿಡಿತ ಸರಿಯಾಗೇ ಇದೆ. ನಡುಗುತ್ತಿರುವುದು ಹೆಚ್ಚಾಗಿ ತೆಳ್ಳಗಿನ ಮುಚ್ಚಳ. ವಾಪಸ್ ಬಾರದೆ ಕೆಳಗೆ ಕೆಳಗೆ ಇಳಿಯುತ್ತಾ ಹೋದರೆ ಮಾತ್ರ ಅದು ಸಡಿಲ.

ಸ್ಕ್ರೀನನ್ನು ಕೀಬೋರ್ಡಿನ ಮೇಲೆ ಮಡಚುವ ವಿನ್ಯಾಸ 1982ರಲ್ಲಿ ಗ್ರಿಡ್ ಕಂಪಾಸ್ ಕಂಪ್ಯೂಟರಿನಲ್ಲಿ ಬಂತು. ಅಂದಿನಿಂದ ಹಿಂಜಿನ ಮೇಲೆ ಎರಡು ಜವಾಬ್ದಾರಿ: ತಿರುಗಲೂ ಬೇಕು, ಬಿಟ್ಟ ಕಡೆ ನಿಲ್ಲಲೂ ಬೇಕು. ಇದು ಸಾಧ್ಯವಾಗುವುದು ಘರ್ಷಣೆಯಿಂದ. ಕೆಲವು ಹಿಂಜುಗಳಲ್ಲಿ ಉಕ್ಕಿನ ಸಣ್ಣ ಕಡ್ಡಿಯನ್ನು ಸ್ಪ್ರಿಂಗ್‌ನಂಥ ಲೋಹದ ಪಟ್ಟಿ ಸುತ್ತಿ ಹಿಡಿದಿರುತ್ತದೆ. ಇನ್ನು ಕೆಲವದರಲ್ಲಿ ಕಡ್ಡಿಯ ಮೇಲೆ ವಾಷರ್‌ಗಳನ್ನು ಪೇರಿಸಿ ನಟ್ ಬಿಗಿದಿರುತ್ತಾರೆ.

ಎಷ್ಟು ಹಿಡಿತ ಬೇಕು? ತುಂಬಿದ ಚೊಂಬನ್ನು ಕೈ ಇಳಿಬಿಟ್ಟು ಹಿಡಿದರೆ ಭುಜಕ್ಕೆ ಅಷ್ಟು ಭಾರ ಅನ್ನಿಸುವುದಿಲ್ಲ, ಅಡ್ಡಕ್ಕೆ ಚಾಚಿ ಹಿಡಿದರೆ ನೋಯುತ್ತದೆ ಅಲ್ವಾ? ಇಲ್ಲೂ ಅದೇ ಲೆಕ್ಕ. ಮುಚ್ಚಳದ ತೂಕ 500 ಗ್ರಾಂ, ತೂಕದ ಕೇಂದ್ರ ಹಿಂಜಿನಿಂದ 10 ಸೆಂ.ಮೀ. ದೂರ ಅಂದುಕೊಳ್ಳಿ. ಸ್ಕ್ರೀನ್ ಪೂರ್ತಿ ಮಲಗಿದಾಗ ಹಿಂಜ್ ತಡೆಯಬೇಕಾದ ತಿರುಚು ಬಲ 5 ಕೆಜಿ-ಸೆಂ.ಮೀ. 120 ಡಿಗ್ರಿ ತೆರೆದಾಗ ಅದರ ಅರ್ಧ, 2.5. ನೆಟ್ಟಗೆ 90 ಡಿಗ್ರಿಯಲ್ಲಿ ನಿಂತಾಗ ಸೊನ್ನೆ! ಹಾಗಾಗಿ ಅಂಗಡಿಯಲ್ಲಿ ಸ್ಕ್ರೀನನ್ನು ನೆಟ್ಟಗೆ ನಿಲ್ಲಿಸಿ, 'ನೋಡಿ, ಗಟ್ಟಿಯಾಗಿದೆ' ಅಂದರೆ ಅದರಿಂದ ಏನೂ ಗೊತ್ತಾಗುವುದಿಲ್ಲ.

ಹಿಡಿತ ಪರೀಕ್ಷಿಸಲು ಸ್ಕ್ರೀನನ್ನು 120-130 ಡಿಗ್ರಿಗೆ ತೆರೆಯಿರಿ. ಕೆಳಭಾಗವನ್ನು ಎರಡೂ ಕೈಯಲ್ಲಿ ಎತ್ತಿ ಮೆಲ್ಲಗೆ ಮೇಜಿನ ಮೇಲಿಡಿ. ಕೋನ ಬದಲಾಯಿತಾ ನೋಡಿ. ಆಮೇಲೆ ಮುಚ್ಚುವ ಕಡೆಗೆ 60 ಡಿಗ್ರಿಗೆ ತಂದು, ಕೆಳಗೆ ಕೈ ಅಡ್ಡ ಹಿಡಿದುಕೊಂಡೇ ಬಿಡಿ. ಅಲ್ಲಿಂದಲೇ ಬಿದ್ದರೆ ಹಿಡಿತ ಕಡಿಮೆ. ಕೊನೆಯ ಸ್ವಲ್ಪ ದೂರದಲ್ಲಿ ತಾನಾಗೇ ಮುಚ್ಚಿಕೊಂಡರೆ ಚಿಂತೆ ಬೇಡ. ಅಲ್ಲಿ ಭಾರವೂ ಜಾಸ್ತಿ, ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಮ್ಯಾಗ್ನೆಟ್ ಕೂಡ ಎಳೆಯುತ್ತದೆ. ಇನ್ನು ಮುಚ್ಚಳದ ತುದಿ ಹಿಡಿದು ಹಿಂದೆ ಮುಂದೆ ತುಸುವೇ ಆಡಿಸಿ. 'ಟಕ್' ಎಂದು ಸ್ವಲ್ಪ ಸಡಿಲ ಓಡಾಟವಿದ್ದು ಆಮೇಲೆ ಹಿಡಿತ ಸಿಕ್ಕರೆ, ಹಿಂಜ್ ಕೂರಿಸಿದ ಸ್ಕ್ರೂ ಸಡಿಲವಾಗಿರಬಹುದು. ಅದನ್ನು ಬಿಗಿ ಮಾಡಿದರೆ ಆಯಿತು.

ಫ್ರೇಮ್‌ವರ್ಕ್ ಎಂಬ ಕಂಪನಿ ತನ್ನ 13 ಇಂಚಿನ ಲ್ಯಾಪ್‌ಟಾಪಿಗೆ 3.3 ಕೆಜಿ ಮತ್ತು 4 ಕೆಜಿ ಎಂದು ಎರಡು ಬಗೆಯ ಹಿಂಜ್ ಮಾರಿದೆ (ಇದು ಹಿಂಜಿನ ತೂಕವಲ್ಲ, ಹಿಡಿತದ ಅಳತೆ). ಸ್ಕ್ರೀನ್ ಜಾಸ್ತಿ ಅಲ್ಲಾಡುತ್ತದೆ ಅನ್ನುವವರು ಬಿಗಿಯಾದದ್ದನ್ನು ತಂದು ತಾವೇ ಹಾಕಿಕೊಳ್ಳಬಹುದು. ಎಲ್ಲ ಕಂಪನಿಗಳೂ ಹೀಗೆ ಮಾಡಬೇಕು.

ನನ್ನ ಪ್ರಕಾರ ನಿಜವಾಗಿ ಹೆದರಬೇಕಾದದ್ದು ಸಡಿಲ ಹಿಂಜಿಗಲ್ಲ, ಅತಿ ಬಿಗಿಯಾದ ಹಿಂಜಿಗೆ. ಗ್ರೀಸ್ ಒಣಗಿ, ತುಕ್ಕು ಹಿಡಿದು ಕಡ್ಡಿ ಬಿಗಿದುಕೊಂಡಾಗ, ನಾವು ತೆರೆಯುವ ಬಲವೆಲ್ಲ ಅದನ್ನು ಹಿಡಿದಿರುವ ಸ್ಕ್ರೂಗಳ ಮೇಲೆ ಬೀಳುತ್ತದೆ. ಆ ಸ್ಕ್ರೂಗಳು ಎಷ್ಟೋ ಕಡೆ ಪ್ಲಾಸ್ಟಿಕ್ಕಿನಲ್ಲಿ ಕೂರಿಸಿದ ಪುಟ್ಟ ಹಿತ್ತಾಳೆ ಬಳೆಗಳಲ್ಲಿ ನಿಂತಿರುತ್ತವೆ. ಒಂದು ದಿನ ಪ್ಲಾಸ್ಟಿಕ್ ಬಿರಿದು ಬಳೆಯೇ ಕಿತ್ತು ಬರುತ್ತದೆ. ಸ್ಕ್ರೀನ್ ತೆರೆಯುವಾಗ ಹಿಂಜಿನ ಹತ್ತಿರದ ಮೂಲೆಯಲ್ಲಿ ಬಾಡಿ ಬಾಯಿ ಬಿಟ್ಟರೆ ಅಲ್ಲಿಗೇ ನಿಲ್ಲಿಸಿ. ಇನ್ನೂ ತೆರೆದರೆ ಹಿಂಜ್ ಪಕ್ಕದಲ್ಲೇ ಹಾದುಹೋಗುವ ಡಿಸ್‌ಪ್ಲೇ ಕೇಬಲ್ಲಿಗೂ ಪೆಟ್ಟು. ಒಂದು ಕಡೆ ಮಾತ್ರ ಬಿಗಿಯಾಗಿದ್ದರೆ ಮುಚ್ಚಳ ತಿರುಚಿಕೊಂಡು ಸ್ಕ್ರೀನೇ ಸೀಳಬಹುದು. ಅದಕ್ಕೇ ಮೂಲೆ ಹಿಡಿದು ಎಳೆಯದೆ ನಡುವೆ ಹಿಡಿದು ತೆರೆಯುವುದು ಒಳ್ಳೆಯದು.

ಬಿಗಿಯಾಗಿದೆ ಅಂತ ಸುಮ್ನೆ ಎಣ್ಣೆ ಬಿಡಬೇಡಿ, ಅದು ಒಳಗೆಲ್ಲ ಹರಿಯುತ್ತದೆ. ನಟ್ ಇರುವ ಹಿಂಜನ್ನು ರಿಪೇರಿಯವರು ಬಿಚ್ಚಿ ಬೇಕಾದಷ್ಟು ಸಡಿಲಿಸಬಹುದು, ಬಿಗಿಯಲೂಬಹುದು. ಪಟ್ಟಿ ಸುತ್ತಿದ ಬಗೆಯದಾದರೆ ಬದಲಾಯಿಸಬೇಕು, ಎಡ-ಬಲ ಎರಡನ್ನೂ ಒಟ್ಟಿಗೆ.