ಕ್ಯಾಮೆರಾ ಪಕ್ಕಕ್ಕೆ ಸರಿದಾಗ ಮಾತ್ರ ಸಿನಿಮಾ ಯಾಕೆ ತಡವರಿಸುತ್ತೆ?

ಪ್ರಶ್ನೆ: ಹಾಲ್‌ನಲ್ಲಿರುವ ಟಿವಿಗೆ ಒಂದು ಮಿನಿ ಪಿಸಿ ಜೋಡಿಸಿ, ಕೋಡಿ (ಸಿನಿಮಾ ಓಡಿಸುವ ಸಾಫ್ಟ್‌ವೇರ್) ಹಾಕಿಕೊಂಡು ಸಿನಿಮಾ ನೋಡುತ್ತೇನೆ. ಪಾತ್ರಗಳು ಕೂತು ಮಾತಾಡುವಾಗ ಎಲ್ಲ ಚೆನ್ನಾಗಿಯೇ ಇರುತ್ತೆ. ಕ್ಯಾಮೆರಾ ಎಡದಿಂದ ಬಲಕ್ಕೆ ಸರಿಯಲು ಶುರುವಾದರೆ ಸಾಕು, ಚಿತ್ರ ಜರ್ಕ್ ಹೊಡೆಯುತ್ತೆ. ಪ್ರೊಸೆಸರ್ ನೋಡಿದರೆ ಶೇ 10ರಷ್ಟೂ ದುಡಿಯುತ್ತಿಲ್ಲ. ಅಂಗಡಿಯವರು ‘ಗ್ರಾಫಿಕ್ಸ್ ಕಾರ್ಡ್ ಇರೋ ಪಿಸಿ ತಗೊಳ್ಳಿ’ ಅಂತಾರೆ. ತಗೊಳ್ಳಲಾ?

ಉತ್ತರ: ಸದ್ಯಕ್ಕೆ ದುಡ್ಡು ಜೇಬಲ್ಲೇ ಇರಲಿ. ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ.

ಶಕ್ತಿ ಸಾಲದ ಪಿಸಿ ಸಾಮಾನ್ಯವಾಗಿ ಹೊಡೆದಾಟ, ಮಳೆ, ಹೊಗೆಯಂಥ ದೃಶ್ಯಗಳಲ್ಲಿ ಕೈಕೊಡುತ್ತೆ. ತುಟಿ ಒಂದು ಕಡೆ, ಮಾತು ಒಂದು ಕಡೆ ಆಗುತ್ತೆ. ಆದರೆ ನಿಧಾನಕ್ಕೆ ಸಾಗುವ ಪ್ಯಾನ್ ಶಾಟ್, ಅಂದರೆ ಕ್ಯಾಮೆರಾ ಪಕ್ಕಕ್ಕೆ ಸರಿಯುವ ದೃಶ್ಯ, ಒಂದೇ ಸಮನೆ ನಡುಗುತ್ತಿದ್ದರೆ, ಅದು ಶಕ್ತಿಯ ಸಮಸ್ಯೆ ಅಲ್ಲ. ಲೆಕ್ಕದ ಸಮಸ್ಯೆ.

ಸಿನಿಮಾ ಅಂದರೆ ಸೆಕೆಂಡಿಗೆ 24 ಚಿತ್ರ. 1920ರ ದಶಕದ ಕೊನೆಗೆ ಟಾಕಿ ಬಂದಾಗಿನಿಂದ ಇದೇ ರೂಢಿ. ಪಿಸಿ ಮಾತ್ರ ಟಿವಿಗೆ ಸೆಕೆಂಡಿಗೆ 60 ಸಲ ಚಿತ್ರ ಕಳಿಸುತ್ತಿರುತ್ತೆ. ಈಗ ಹೀಗೆ ಅಂದುಕೊಳ್ಳಿ: ಪಂಕ್ತಿಯಲ್ಲಿ 24 ಜನ ಕೂತಿದ್ದಾರೆ, ಬಡಿಸುವವನ ಬುಟ್ಟಿಯಲ್ಲಿ 60 ಹೋಳಿಗೆ ಇದೆ. ತಲೆಗೆ ಎರಡೂವರೆ. ಆದರೆ ಹೋಳಿಗೆ ಮುರಿಯುವ ಹಾಗಿಲ್ಲ. ಅವನೇನು ಮಾಡ್ತಾನೆ? ಒಬ್ಬರಿಗೆ ಎರಡು, ಪಕ್ಕದವರಿಗೆ ಮೂರು, ಮತ್ತೆ ಎರಡು, ಮತ್ತೆ ಮೂರು. ತೆರೆಯ ಮೇಲೂ ಹಾಗೇ. ಒಂದು ಚಿತ್ರ 33 ಮಿಲಿಸೆಕೆಂಡ್ ನಿಲ್ಲುತ್ತೆ, ಮುಂದಿನದು 50. ಮುಖ ಸುಮ್ನೆ ಇದ್ದಾಗ ಇದು ಗೊತ್ತೇ ಆಗಲ್ಲ. ಬೇಲಿ, ಕಂಬ, ತೆಂಗಿನ ಮರದ ಸಾಲು ಪಕ್ಕಕ್ಕೆ ಜಾರುವಾಗ ಕಣ್ಣು ಹಿಡಿದುಬಿಡುತ್ತೆ.

ಮದ್ದು ಕೋಡಿಯಲ್ಲೇ ಇದೆ. ಸೆಟ್ಟಿಂಗ್ಸ್, ಪ್ಲೇಯರ್, ವಿಡಿಯೋಸ್ ಅಂತ ಒಳಗೆ ಹೋದರೆ ‘ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್’ ಅಂತ ಸಿಗುತ್ತೆ. ಅದನ್ನು ‘ಆನ್ ಸ್ಟಾರ್ಟ್/ಸ್ಟಾಪ್’ಗೆ ಇಡಿ. ಆಮೇಲೆ ಸಿನಿಮಾ ಶುರುವಾದಾಗ ಪಿಸಿ ತನ್ನ ವೇಗವನ್ನು ಸಿನಿಮಾದ ವೇಗಕ್ಕೆ ಹೊಂದಿಸಿಕೊಳ್ಳುತ್ತೆ. ತಲೆಗೆ ಒಂದೇ ಹೋಳಿಗೆ, ತಕರಾರಿಲ್ಲ. ವೇಗ ಬದಲಾಗುವಾಗ ಟಿವಿ ಒಂದೆರಡು ಸೆಕೆಂಡ್ ಕಪ್ಪಾಗುತ್ತೆ, ಗಾಬರಿಯಾಗಬೇಡಿ. ನಮ್ಮ ಮನೆಯಲ್ಲಿ ಅಮ್ಮ ಪ್ರತಿ ಸಲವೂ ‘ಕರೆಂಟ್ ಹೋಯ್ತಾ?’ ಅಂತ ಕೇಳುತ್ತಾರೆ. ಆ ಕತ್ತಲಲ್ಲಿ ಮೊದಲ ಮಾತು ನುಂಗಿಹೋಗದಿರಲಿ ಅಂತ, ಬದಲಾವಣೆಯ ಹೊತ್ತಿಗೆ ಸಿನಿಮಾ ತಡೆದು ನಿಲ್ಲಿಸುವ ಆಯ್ಕೆಯೂ ಕೋಡಿಯ ಸೆಟ್ಟಿಂಗ್ಸ್‌ನಲ್ಲಿದೆ.

ಇಷ್ಟಕ್ಕೇ ಬಹಳ ಜನರ ಕಾಟ ತಪ್ಪುತ್ತೆ. ನನ್ನದು ತಪ್ಪಲಿಲ್ಲ. ಆಗ ನಾನು ಕೋಡಿಗೆ ಬಿಡದೆ, ವಿಂಡೋಸ್‌ನಲ್ಲೇ ಹೋಗಿ 24 ಹರ್ಟ್ಜ್ (ಅಂದರೆ ಸೆಕೆಂಡಿಗೆ 24 ಸಲ) ಅಂತ ಆರಿಸಿದ್ದೆ. ನಡುಕ ಹೋಯಿತು. ಆದರೆ ಆಗಾಗ ಒಂದು ಸಣ್ಣ ಎಡವು. ಬಿಕ್ಕಳಿಕೆ ಬಂದ ಹಾಗೆ, ಒಂದೇ ಒಂದು. ಎಚ್‌ಡಿಎಂಐ ಕೇಬಲ್ ಬದಲಿಸಿದೆ. ಹಾರ್ಡ್ ಡಿಸ್ಕ್ ಮೇಲೆ ಅನುಮಾನ ಪಟ್ಟೆ. ಕೊನೆಗೆ ಕೊನೆಯ ಟೈಟಲ್‌ಗಳು ಮೇಲಕ್ಕೆ ಸಾಗುವಾಗ ಫೋನಿನ ಸ್ಟಾಪ್‌ವಾಚ್ ಹಿಡಿದು ಕೂತೆ. ಒಂದು ಎಡವಿನಿಂದ ಇನ್ನೊಂದಕ್ಕೆ ಸುಮಾರು 41 ಸೆಕೆಂಡ್. ಮತ್ತೆ 41. ಮತ್ತೆ 41. ಕೆಟ್ಟುಹೋದ ಸಾಮಾನು ಇಷ್ಟು ಶಿಸ್ತಾಗಿ ಕೆಡಲ್ಲ, ಅಲ್ವಾ?

ವಿಷಯ ಏನಂದರೆ, ಡಿಸ್ಕ್‌ನಿಂದ ಬಂದ ಹೆಚ್ಚಿನ ಸಿನಿಮಾಗಳ ವೇಗ ನಿಜಕ್ಕೂ 24 ಅಲ್ಲ, 23.976. ಇದು 1953ರಲ್ಲಿ ಅಮೆರಿಕದಲ್ಲಿ ಕಲರ್ ಟಿವಿ ಬಂದಾಗಿನ ಬಾಕಿ. ಬಣ್ಣದ ಸಿಗ್ನಲ್ ಶಬ್ದದ ಸಿಗ್ನಲ್‌ಗೆ ತೊಂದರೆ ಕೊಡದಿರಲಿ ಅಂತ ಅವರು ಟಿವಿಯ ವೇಗವನ್ನು ಸಾವಿರದಲ್ಲಿ ಒಂದು ಪಾಲಿನಷ್ಟು ಇಳಿಸಿದರು. 30 ಇದ್ದದ್ದು 29.97 ಆಯಿತು. ಅದರ ಜೊತೆ ಸಿನಿಮಾದ 24 ಕೂಡ 23.976ಕ್ಕೆ ಇಳಿಯಿತು. ಆ ಕೂದಲೆಳೆ ವ್ಯತ್ಯಾಸ ಕೂಡುತ್ತಾ ಹೋಗಿ, 41 ಚಿಲ್ಲರೆ ಸೆಕೆಂಡಿಗೆ ಒಂದು ಚಿತ್ರದಷ್ಟಾಗುತ್ತೆ. ಆಗ ಪ್ಲೇಯರ್ ಒಂದು ಚಿತ್ರವನ್ನು ಎರಡು ಸಲ ತೋರಿಸುತ್ತೆ. ಅದೇ ಬಿಕ್ಕಳಿಕೆ. ವಿಂಡೋಸ್‌ನ ಪಟ್ಟಿಯಲ್ಲಿ ‘23 ಹರ್ಟ್ಜ್’ ಅಂತ ಕಂಡರೆ ಅಚ್ಚಿನ ತಪ್ಪು ಅಂದುಕೊಳ್ಳಬೇಡಿ, ಅದೇ 23.976. ಹೊಸ ವಿಂಡೋಸ್‌ನಲ್ಲಿ 23.98 ಅಂತ ಇರುತ್ತೆ.

ನಮ್ಮ ದೇಶದ ಟಿವಿ ಲೆಕ್ಕ ಬೇರೆ. ಇಲ್ಲಿ ಸೆಕೆಂಡಿಗೆ 25 ಚಿತ್ರ. ಹಾಗಾಗಿ ಚಾನೆಲ್‌ನಿಂದ ರೆಕಾರ್ಡ್ ಮಾಡಿಟ್ಟ ಯಕ್ಷಗಾನ, ಹಳೇ ಧಾರಾವಾಹಿಗಳಿಗೆ 50 ಹರ್ಟ್ಜ್ ಬೇಕು. 60ರಲ್ಲಿ ಹಾಕಿದರೆ ಬಡಿಸುವ ಗಲಾಟೆ ಮತ್ತೆ ಶುರು.

ಇಷ್ಟೆಲ್ಲ ಮಾಡಿದರೂ ಸರಿಹೋಗದಿದ್ದರೆ ಮಾತ್ರ ಪಿಸಿಯ ಶಕ್ತಿಯ ಕಡೆ ನೋಡಿ. ಸಿನಿಮಾ ಓಡುತ್ತಿರುವಾಗ ಕೀಬೋರ್ಡಿನಲ್ಲಿ ಕಂಟ್ರೋಲ್ ಮತ್ತು ಶಿಫ್ಟ್ ಹಿಡಿದು ‘ಓ’ ಒತ್ತಿ. ತೆರೆಯ ಮೇಲೆ ಅಂಕಿಗಳ ಸಂತೆ ಬರುತ್ತೆ. ನಿಮಗೆ ಬೇಕಾದ್ದು ‘ಡ್ರಾಪ್’ ಅನ್ನುವ ಒಂದೇ ಅಂಕಿ. ಅದು ನಿಂತಲ್ಲೇ ನಿಂತಿದ್ದರೆ ಪಿಸಿ ಚಿತ್ರಗಳನ್ನು ಕೈಬಿಡುತ್ತಿಲ್ಲ. ಏರುತ್ತಲೇ ಇದ್ದರೆ ಅದಕ್ಕೆ ಕೈಸಾಗುತ್ತಿಲ್ಲ. ಬರೀ ‘ಓ’ ಒತ್ತಿದರೆ ವಿಡಿಯೊ ಬಿಚ್ಚುವ ಕೆಲಸ ಗ್ರಾಫಿಕ್ಸ್ ಚಿಪ್‌ನಲ್ಲಿ ನಡೀತಿದೆಯಾ, ಪ್ರೊಸೆಸರ್ ಮೇಲೆ ಬಿದ್ದಿದೆಯಾ ಅನ್ನುವುದೂ ಗೊತ್ತಾಗುತ್ತೆ. ಪ್ರೊಸೆಸರ್ ಮೇಲೆ ಬಿದ್ದಿದ್ದರೆ ಮೊದಲು ಪ್ಲೇಯರ್ ಸೆಟ್ಟಿಂಗ್ಸ್‌ನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ (ಬಿಚ್ಚುವ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ಒಪ್ಪಿಸುವ ಆಯ್ಕೆ) ಆನ್ ಇದೆಯಾ ನೋಡಿ. ಆನ್ ಇದ್ದೂ ಹೀಗಾದರೆ ಚಿಪ್ಪೇ ಹಳೆಯದಿರಬಹುದು. ವಿಡಿಯೊವನ್ನು ಅಡಕಿಸಿಡುವ ವಿಧಾನಗಳು ಹಲವು: 4ಕೆ ಸಿನಿಮಾಗಳಲ್ಲಿ ಬಳಸುವ 10 ಬಿಟ್ ಎಚ್‌ಇವಿಸಿಗೆ ಇಂಟೆಲ್‌ನಲ್ಲಿ 7ನೇ ತಲೆಮಾರಿನ ಪಿಸಿಯಾದರೂ ಬೇಕು, ಎವಿ1 ಅನ್ನುವ ಇನ್ನೊಂದು ವಿಧಾನದ ಫೈಲ್‌ಗಳಿಗೆ 11ನೆಯದು. ಅಂಗಡಿಯವರ ಮಾತು ಇಲ್ಲಿ ಸರಿ. ಆದರೂ ದೊಡ್ಡ ಕಾರ್ಡ್ ಬೇಕಿಲ್ಲ, ಸ್ವಲ್ಪ ಹೊಸ ಮಿನಿ ಪಿಸಿ ಸಾಕು. ಅದಕ್ಕೂ ಮುಂಚೆ ಫ್ಯಾನಿನ ಧೂಳು ಒಮ್ಮೆ ಹೊಡೆಯಿರಿ. ಟಿವಿ ಸ್ಟ್ಯಾಂಡಿನ ಮೂಲೆಯಲ್ಲಿ ಬಿಸಿಯಾಗಿ, ತಾನೇ ವೇಗ ಇಳಿಸಿಕೊಂಡು ಕೂತ ಪಿಸಿಗಳನ್ನು ಬೇಕಾದಷ್ಟು ನೋಡಿದ್ದೇನೆ.

ಚಕ್ರ ತಿರುಗುತ್ತಾ ಪೂರ್ತಿ ನಿಂತೇಬಿಡುತ್ತೆ ಅನ್ನುವುದಾದರೆ ಅದು ನೆಟ್‌ವರ್ಕ್ ಕಥೆ. ಸಿನಿಮಾ ಇನ್ನೊಂದು ಕಂಪ್ಯೂಟರಿನಿಂದ ಬರುತ್ತಿದ್ದರೆ ಲ್ಯಾನ್ ಕೇಬಲ್ ನೋಡಿ. ಒಳಗಿನ ನಾಲ್ಕು ಜೋಡಿ ತಂತಿಯಲ್ಲಿ ಒಂದು ತುಂಡಾದರೂ ಗಿಗಾಬಿಟ್ ಲೈನ್ (ಸೆಕೆಂಡಿಗೆ 1000 ಮೆಗಾಬಿಟ್) 100 ಎಂಬಿಪಿಎಸ್‌ಗೆ, ಅಂದರೆ ಸೆಕೆಂಡಿಗೆ 100 ಮೆಗಾಬಿಟ್‌ಗೆ ಇಳಿಯಬಹುದು. ಯಾರೂ ಹೇಳುವುದಿಲ್ಲ, ಲೈಟ್ ಮಿನುಗುತ್ತಲೇ ಇರುತ್ತೆ. 4ಕೆ ಬ್ಲೂ-ರೇಯ ಮೂಲ ಪ್ರತಿ 128 ಎಂಬಿಪಿಎಸ್‌ವರೆಗೂ ಹೋಗಬಲ್ಲದು.

ಬ್ರೌಸರ್‌ನಲ್ಲಿ ಒಟಿಟಿ ನೋಡುವವರಿಗೆ ಕೋಡಿಯ ಮದ್ದು ನಾಟುವುದಿಲ್ಲ. ಬ್ರೌಸರ್ ತಾನಾಗಿ ವೇಗ ಬದಲಿಸಲ್ಲ. ಅಂಥವನ್ನು ಟಿವಿಯ ಆಪ್‌ನಲ್ಲೇ ನೋಡುವುದು ವಾಸಿ.

ಒಂದು ಮಾತು ಬಾಕಿ ಇದೆ. ಎಲ್ಲ ಸರಿಮಾಡಿದ ಮೇಲೂ ಪ್ಯಾನ್ ಶಾಟ್ ನೀರಿನ ಹಾಗೆ ಹರಿಯುವುದಿಲ್ಲ. ಸೆಕೆಂಡಿಗೆ 24 ಚಿತ್ರ ಅಂದರೆ ಅಷ್ಟೇ. ಒಎಲ್‌ಇಡಿ ಟಿವಿಯಲ್ಲಂತೂ ಇದು ಇನ್ನೂ ಜಾಸ್ತಿ ಕಾಣುತ್ತೆ, ಯಾಕೆಂದರೆ ಅದರಲ್ಲಿ ಒಂದು ಚಿತ್ರದಿಂದ ಇನ್ನೊಂದಕ್ಕೆ ಬದಲಾವಣೆ ತಟ್ಟನೆ ಆಗಿಬಿಡುತ್ತೆ. ಟಿವಿಯ ಮೋಷನ್ ಸ್ಮೂದಿಂಗ್ ಹಾಕಿದರೆ ನಡುವೆ ಇಲ್ಲದ ಚಿತ್ರಗಳನ್ನು ಅದೇ ಹೊಸೆದು ತುಂಬಿಸುತ್ತೆ. ನಡುಕ ಹೋಗುತ್ತೆ ನಿಜ, ಆದರೆ ಸಿನಿಮಾ ಧಾರಾವಾಹಿಯ ಹಾಗೆ ಕಾಣುತ್ತೆ. ನಾನಂತೂ ಅದನ್ನು ಆಫ್ ಮಾಡಿಟ್ಟಿದ್ದೇನೆ. ಕ್ರಿಕೆಟ್ ದಿನ ಮಾತ್ರ ಅಪ್ಪ ಆನ್ ಮಾಡುತ್ತಾರೆ, ಆಮೇಲೆ ಮರೆಯುತ್ತಾರೆ.